ವಿಮಾನದ ಆಟೋಪೈಲಟ್ ಮತ್ತು ಫ್ಲೈಟ್ ಡೈರೆಕ್ಟರ್: ಮೋಡ್‌ಗಳ ಕಾರ್ಯವಿಧಾನ

ಪೀಠಿಕೆ

ಪ್ರಯಾಣಿಕ ವಿಮಾನಗಳು ತಮ್ಮ ಹಾರಾಟದ ಬಹುಭಾಗವನ್ನು ಆಟೋಪೈಲಟ್ ಎಂಬ ಸ್ವಯಂಚಾಲಿತ ವ್ಯವಸ್ಥೆಯ ನಿಯಂತ್ರಣದಲ್ಲಿ ಪೂರೈಸುತ್ತವೆ. ಆದಕಾರಣ ವಿಮಾನವು ತಾನಾಗಿಯೇ ಹಾರುತ್ತದೆ, ಪೈಲಟ್‌ಗಳು ಮೇಲ್ವಿಚಾರಣೆಗಾಗಿ ಮಾತ್ರ ಕುಳಿತಿರುತ್ತಾರೆ ಎಂಬ ಭಾವನೆ ಸಾರ್ವಜನಿಕರಲ್ಲಿ ವ್ಯಾಪಕವಾಗಿದೆ. ಈ ಭಾವನೆಯು ಸರಿಯಾದುದಲ್ಲ. ಆಟೋಪೈಲಟ್ ಸ್ವಂತವಾಗಿ ಏನನ್ನೂ ಉದ್ದೇಶಿಸುವುದಿಲ್ಲ. ಅದನ್ನು ಯಾವ ಮೋಡ್‌ನಲ್ಲಿ ಇರಿಸಲಾಗಿದೆಯೋ ಆ ಮೋಡ್‌ಗೆ ಗೊತ್ತುಪಡಿಸಿದ ಕೆಲಸವನ್ನಷ್ಟೇ ಅದು ನಿಷ್ಠೆಯಿಂದ ಮಾಡುತ್ತದೆ. ಪೈಲಟ್ ಮನಸ್ಸಿನಲ್ಲಿ ಬಯಸಿದ್ದು ಒಂದು, ಚಾಲ್ತಿಯಲ್ಲಿರುವ ಮೋಡ್ ಇನ್ನೊಂದು ಆಗಿದ್ದಲ್ಲಿ ವಿಮಾನವು ಮೋಡ್‌ನ ಮಾತನ್ನೇ ಕೇಳುತ್ತದೆ.

ಪೈಲಟ್ ಪರವಾನಗಿಗಾಗಿ ಅರ್ಜಿ ಸಲ್ಲಿಸಲು ಇಚ್ಛಿಸುವ ಅಭ್ಯರ್ಥಿಗಳು, ಅವರ ಪೋಷಕರು ಹಾಗೂ ವಿಮಾನಯಾನದಲ್ಲಿ ಆಸಕ್ತಿಯುಳ್ಳ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ಒದಗಿಸಲಾಗಿದೆ. ಉದಾಹರಣೆಗಳನ್ನು ಬಹುಮಟ್ಟಿಗೆ ಏರ್‌ಬಸ್ ಎ320 ವಿಮಾನದಿಂದ ಆಯ್ದುಕೊಳ್ಳಲಾಗಿದೆ. ಭಾರತದ ದೇಶೀಯ ಮಾರ್ಗಗಳಲ್ಲಿ ಪ್ರಯಾಣಿಸಿದ ಬಹುತೇಕರು ಈ ಕುಟುಂಬದ ವಿಮಾನದಲ್ಲಿ ಒಮ್ಮೆಯಾದರೂ ಕುಳಿತಿರುತ್ತಾರೆ.

ಹಿನ್ನೆಲೆ

ಆಟೋಪೈಲಟ್‌ನ ಇತಿಹಾಸವು ಒಂದು ಶತಮಾನಕ್ಕಿಂತಲೂ ಹಳೆಯದು. 1914ರ ಜೂನ್ ತಿಂಗಳಿನಲ್ಲಿ ಪ್ಯಾರಿಸ್ ಸಮೀಪ ಸೀನ್ ನದಿಯ ಮೇಲೆ ಅಮೆರಿಕದ ಲಾರೆನ್ಸ್ ಸ್ಪೆರ್ರಿ ಅವರು ಗೈರೋಸ್ಕೋಪ್ ಆಧಾರಿತ ಸಾಧನವನ್ನು ಅಳವಡಿಸಿದ ವಿಮಾನವನ್ನು ಪ್ರದರ್ಶಿಸಿದರು. ಅವರು ನಿಯಂತ್ರಣಗಳಿಂದ ಎರಡೂ ಕೈಗಳನ್ನು ತೆಗೆದು ಮೇಲೆತ್ತಿದ್ದರು. ಅವರ ಸಹಾಯಕನು ರೆಕ್ಕೆಯ ಮೇಲೆ ನಡೆದು ಹೋದಾಗಲೂ ವಿಮಾನವು ಸಮತೋಲ ತಪ್ಪಲಿಲ್ಲ. 1933ರಲ್ಲಿ ವೈಲಿ ಪೋಸ್ಟ್ ಅವರು ಒಬ್ಬರೇ ಪೈಲಟ್ ಆಗಿ ಭೂಮಿಯನ್ನು ಸುತ್ತಿ ಬಂದಾಗ ಅವರಿಗೆ ನೆರವಾದದ್ದೂ ಸ್ಪೆರ್ರಿ ಸಂಸ್ಥೆಯ ಆಟೋಪೈಲಟ್ ಆಗಿತ್ತು. 1947ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವಾಯುಪಡೆಯ ಸಿ-54 ವಿಮಾನವೊಂದು ನೆಲ ಬಿಡುವುದರಿಂದ ಇಳಿಯುವವರೆಗೆ ಸ್ವಯಂಚಾಲಿತವಾಗಿ ಅಟ್ಲಾಂಟಿಕ್ ಸಾಗರವನ್ನು ದಾಟಿತು.

ಮೊದಲ ಆಟೋಪೈಲಟ್‌ಗಳಿಗೆ ಇದ್ದ ಕೆಲಸ ಒಂದೇ, ವಿಮಾನವನ್ನು ಮಟ್ಟಸವಾಗಿ ಇರಿಸುವುದು. ಮುಂದೆ ಎತ್ತರಮಾಪಕ, ದಿಕ್ಸೂಚಿ, ರೇಡಿಯೋ ಸಂಕೇತಗಳು ಹಾಗೂ ಕಂಪ್ಯೂಟರ್‌ಗಳನ್ನು ಒಂದೊಂದಾಗಿ ಜೋಡಿಸಿದಂತೆ ಕೆಲಸಗಳು ಹೆಚ್ಚಾದವು. ಪ್ರತಿಯೊಂದು ಕೆಲಸಕ್ಕೂ ಒಂದು ಹೆಸರು ಬೇಕಾಯಿತು. ಆ ಹೆಸರೇ ಮೋಡ್.

ಫ್ಲೈಟ್ ಡೈರೆಕ್ಟರ್ ಎಂದರೇನು?

ಪೈಲಟ್‌ನ ಎದುರಿನ ಮುಖ್ಯ ಪರದೆಯಲ್ಲಿ ಆಕಾಶವನ್ನು ನೀಲಿ ಬಣ್ಣದಲ್ಲಿಯೂ ನೆಲವನ್ನು ಕಂದು ಬಣ್ಣದಲ್ಲಿಯೂ ತೋರಿಸುವ ಚಿತ್ರವಿರುತ್ತದೆ. ನಡುವೆ ವಿಮಾನದ ಒಂದು ಸ್ಥಿರ ಸಂಕೇತವಿದ್ದು, ಮೂಗು ಎಷ್ಟು ಮೇಲಿದೆ, ರೆಕ್ಕೆ ಎಷ್ಟು ಓರೆಯಾಗಿದೆ ಎಂಬುದನ್ನು ಅದರಿಂದ ತಿಳಿಯಬಹುದು. ಇದೇ ಚಿತ್ರದ ಮೇಲೆ ಒಂದು ಅಡ್ಡ ಪಟ್ಟಿ ಮತ್ತು ಒಂದು ಉದ್ದ ಪಟ್ಟಿ ಕಾಣಿಸಿಕೊಳ್ಳುತ್ತವೆ. ಇವು ಫ್ಲೈಟ್ ಡೈರೆಕ್ಟರ್‌ನ ಪಟ್ಟಿಗಳು. ಅಡ್ಡ ಪಟ್ಟಿಯು ಸಂಕೇತಕ್ಕಿಂತ ಮೇಲೆ ಸರಿದರೆ ಮೂಗನ್ನು ಎತ್ತಬೇಕೆಂದೂ, ಉದ್ದ ಪಟ್ಟಿಯು ಬಲಕ್ಕೆ ಸರಿದರೆ ಬಲಕ್ಕೆ ಓರೆಯಾಗಬೇಕೆಂದೂ ಅರ್ಥ. ಎರಡೂ ಪಟ್ಟಿಗಳು ಸಂಕೇತದ ಮೇಲೆ ಬಂದು ಕೂಡಿದಾಗ ಆದೇಶವು ಪಾಲನೆಯಾಗಿದೆ ಎಂದು ತಿಳಿಯತಕ್ಕದ್ದು.

ಕಚೇರಿಯ ಭಾಷೆಯಲ್ಲಿ ಹೇಳುವುದಾದರೆ ಫ್ಲೈಟ್ ಡೈರೆಕ್ಟರ್ ಆದೇಶವನ್ನು ಸಿದ್ಧಪಡಿಸುವ ವಿಭಾಗ. ಆಟೋಪೈಲಟ್ ಅದನ್ನು ಜಾರಿಗೊಳಿಸುವ ವಿಭಾಗ. ಆದೇಶವನ್ನು ಪೈಲಟ್ ತನ್ನ ಕೈಯಿಂದ ಜಾರಿಗೊಳಿಸಿದರೂ ಆಗುತ್ತದೆ. ಆಗ ಆಟೋಪೈಲಟ್ ಆರಿರುತ್ತದೆ, ಫ್ಲೈಟ್ ಡೈರೆಕ್ಟರ್ ಮಾತ್ರ ಉರಿಯುತ್ತಿರುತ್ತದೆ. ಆಟೋಪೈಲಟ್ ಹಚ್ಚಿದಾಗ ಅದೇ ಲೆಕ್ಕಾಚಾರವು ನಿಯಂತ್ರಣ ವ್ಯವಸ್ಥೆಗೆ ಹೋಗಿ, ರೆಕ್ಕೆ ಮತ್ತು ಬಾಲದ ಚಲಿಸುವ ಭಾಗಗಳನ್ನು ಸರಿಸುತ್ತದೆ. ಸಾಮಾನ್ಯವಾಗಿ ಎಡ ಮತ್ತು ಬಲ ಆಸನದ ಪೈಲಟ್‌ಗಳಿಗೆ ಒಂದೊಂದು ಫ್ಲೈಟ್ ಡೈರೆಕ್ಟರ್ ಇದ್ದು, ಪ್ರತ್ಯೇಕ ಸ್ವಿಚ್‌ಗಳಿಂದ ಅವುಗಳನ್ನು ಆರಿಸಬಹುದು. ಈ ಚಿಕ್ಕ ವಿವರವು ಮುಂದೆ ಮಹತ್ವ ಪಡೆಯುವುದರಿಂದ ಓದುಗರು ಇದನ್ನು ನೆನಪಿನಲ್ಲಿಡುವುದು ಒಳಿತು.

ಪಟ್ಟಿಗಳು ಕೂಡಿರುವುದನ್ನು ಕಂಡು ವಿಮಾನವು ಸರಿಯಾದ ದಾರಿಯಲ್ಲಿದೆ ಎಂದು ಭಾವಿಸುವುದು ಹೊಸ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮಾಡುವ ತಪ್ಪು. ಪಟ್ಟಿಗಳು ಹೇಳುವುದು ಚಾಲ್ತಿಯಲ್ಲಿರುವ ಮೋಡ್‌ನ ಆದೇಶ ಪಾಲನೆಯಾಗುತ್ತಿದೆ ಎಂಬುದನ್ನಷ್ಟೇ. ಮೋಡ್ ತಪ್ಪಾಗಿದ್ದಲ್ಲಿ ಅದೇ ಪಟ್ಟಿಗಳು ಪೈಲಟ್‌ನನ್ನು ತಪ್ಪು ಸ್ಥಳಕ್ಕೆ ಅತ್ಯಂತ ನಿಖರವಾಗಿ ಕರೆದೊಯ್ಯುತ್ತವೆ.

ಪಾರ್ಶ್ವ ಮೋಡ್‌ಗಳು

ಎಡ-ಬಲ ಚಲನೆಗೆ ಸಂಬಂಧಿಸಿದ ಮೋಡ್‌ಗಳು ಅಷ್ಟು ಗೋಜಲಿನವಲ್ಲ. ಹೆಡಿಂಗ್ ಮೋಡ್‌ನಲ್ಲಿ ಪೈಲಟ್ ಗುಂಡಿಯಿಂದ ಸೂಚಿಸಿದ ದಿಕ್ಕಿನತ್ತ ವಿಮಾನವು ತಿರುಗಿ ಅದೇ ದಿಕ್ಕನ್ನು ಕಾಯ್ದುಕೊಳ್ಳುತ್ತದೆ. ವಾಯು ಸಂಚಾರ ನಿಯಂತ್ರಕರು ದಿಕ್ಕನ್ನು ತಿಳಿಸಿದಾಗ ಬಳಸುವುದು ಇದನ್ನೇ. ನ್ಯಾವ್ ಮೋಡ್‌ನಲ್ಲಿ ಹೊರಡುವ ಮುನ್ನವೇ ಕಂಪ್ಯೂಟರ್‌ಗೆ ಊಡಿಸಿದ ಮಾರ್ಗವನ್ನು ವಿಮಾನವು ಅನುಸರಿಸುತ್ತದೆ. ಲೋಕಲೈಸರ್ ಮೋಡ್‌ನಲ್ಲಿ ರನ್‌ವೇಯ ನಡುಗೆರೆಯ ನೇರಕ್ಕೆ ನೆಲದಿಂದ ಹೊರಡುವ ರೇಡಿಯೋ ಕಿರಣವನ್ನು ಹಿಡಿದು ಸಾಗುತ್ತದೆ.

ಇಲ್ಲಿ ಸಿದ್ಧ ಸ್ಥಿತಿ ಮತ್ತು ಚಾಲ್ತಿ ಸ್ಥಿತಿ ಎಂಬ ಭೇದವನ್ನು ತಿಳಿದಿರಬೇಕು. ಇಳಿಯಲು ಬರುತ್ತಿರುವ ವಿಮಾನದಲ್ಲಿ ಪೈಲಟ್ ಅಪ್ರೋಚ್ ಗುಂಡಿಯನ್ನು ಒತ್ತಿದ ಕೂಡಲೇ ಲೋಕಲೈಸರ್ ಮೋಡ್ ಚಾಲ್ತಿಗೆ ಬರುವುದಿಲ್ಲ. ಅದು ಸಿದ್ಧವಾಗಿ ಕಾಯುತ್ತದೆ. ವಿಮಾನವು ಕಿರಣದ ಸಮೀಪಕ್ಕೆ ಬರುವವರೆಗೆ ಹೆಡಿಂಗ್ ಮೋಡ್ ಮುಂದುವರಿಯುತ್ತದೆ. ಎ320ರಲ್ಲಿ ಸಿದ್ಧವಿರುವ ಮೋಡ್‌ನ ಹೆಸರು ಸಾಮಾನ್ಯವಾಗಿ ನೀಲಿ ಅಕ್ಷರಗಳಲ್ಲಿಯೂ ಚಾಲ್ತಿಯಲ್ಲಿರುವುದು ಹಸಿರು ಅಕ್ಷರಗಳಲ್ಲಿಯೂ ಕಾಣುತ್ತದೆ. ಬೋಯಿಂಗ್ ವಿಮಾನಗಳಲ್ಲಿ ಸಿದ್ಧವಿರುವುದು ಚಿಕ್ಕ ಬಿಳಿ ಅಕ್ಷರಗಳಲ್ಲಿರುತ್ತದೆ. ನೀಲಿಯನ್ನು ಹಸಿರೆಂದು ಭಾವಿಸಿ ಕುಳಿತರೆ ವಿಮಾನವು ರನ್‌ವೇಯ ನೇರವನ್ನು ದಾಟಿ ಆಚೆಗೆ ಹೋಗಿಬಿಡುವ ಸಂಭವವಿರುತ್ತದೆ.

ಲಂಬ ಮೋಡ್‌ಗಳು

ಏರುವಿಕೆ ಮತ್ತು ಇಳಿಯುವಿಕೆಯ ಮೋಡ್‌ಗಳೇ ಈ ವಿಷಯದ ತಿರುಳು. ಪೈಲಟ್‌ನ ಕೈಯಲ್ಲಿರುವ ಸಾಧನಗಳು ಎರಡು: ಮೂಗಿನ ಕೋನ ಮತ್ತು ಎಂಜಿನ್‌ಗಳ ನೂಕುಬಲ. ನಿಯಂತ್ರಿಸಬೇಕಾದ ಅಂಶಗಳೂ ಎರಡು: ವೇಗ ಮತ್ತು ಏರಿಳಿತದ ದಾರಿ. ಯಾವ ಸಾಧನಕ್ಕೆ ಯಾವ ಅಂಶವನ್ನು ವಹಿಸಬೇಕು ಎಂಬುದರ ಮೇಲೆ ಲಂಬ ಮೋಡ್‌ಗಳು ಎರಡು ಬಗೆಯಾಗಿ ಒಡೆಯುತ್ತವೆ.

ಭಾರ ಹೊತ್ತು ಶಿರಾಡಿ ಘಾಟಿಯನ್ನು ಏರುವ ಲಾರಿಯನ್ನು ಇಲ್ಲಿ ನೆನೆಯಬಹುದು. ಆಕ್ಸಿಲರೇಟರನ್ನು ಪೂರ್ತಿ ಒತ್ತಿದ ನಂತರ ಚಾಲಕನು ಮಾಡಬಹುದಾದದ್ದು ಹೆಚ್ಚೇನೂ ಇರುವುದಿಲ್ಲ; ಏರು ಕಡಿದಾದಷ್ಟೂ ವೇಗ ಕುಗ್ಗುತ್ತದೆ. ವಿಮಾನಕ್ಕೆ ರಸ್ತೆಯ ಕಟ್ಟುಪಾಡಿಲ್ಲ. ಎಂಜಿನ್‌ನ ಬಲವು ಸ್ಥಿರವಾಗಿರುವಾಗ ಅದು ಏರನ್ನು ತಗ್ಗಿಸಿಕೊಂಡು ವೇಗವನ್ನು ಉಳಿಸಿಕೊಳ್ಳಬಲ್ಲದು. ಮೊದಲನೆಯ ಬಗೆಯ ಮೋಡ್‌ಗಳು ಮಾಡುವುದು ಇದನ್ನೇ. ಎ320ರಲ್ಲಿ ಇವುಗಳಿಗೆ ಓಪನ್ ಕ್ಲೈಂಬ್ ಮತ್ತು ಓಪನ್ ಡಿಸೆಂಟ್ ಎಂದೂ, ಬೋಯಿಂಗ್ ವಿಮಾನಗಳಲ್ಲಿ ಲೆವೆಲ್ ಚೇಂಜ್ ಅಥವಾ ಫ್ಲೈಟ್ ಲೆವೆಲ್ ಚೇಂಜ್ ಎಂದೂ ಹೆಸರು. ಏರುವಾಗ ಎಂಜಿನ್‌ಗಳು ಏರಿಕೆಗೆ ನಿಗದಿಯಾದ ಬಲದಲ್ಲಿ ನಿಲ್ಲುತ್ತವೆ; ಇಳಿಯುವಾಗ ಕನಿಷ್ಠ ಬಲಕ್ಕೆ, ಅಂದರೆ ಐಡಲ್‌ಗೆ ಬರುತ್ತವೆ. ವೇಗವನ್ನು ಕಾಯುವ ಹೊಣೆ ಮೂಗಿನದು. ದಾರಿ ಎಷ್ಟು ಕಡಿದಾಗಿರುತ್ತದೆಯೋ ಅಷ್ಟು, ಅದನ್ನು ಯಾರೂ ಕಾಯುವುದಿಲ್ಲ.

ಎರಡನೆಯ ಬಗೆಯಲ್ಲಿ ಹೊಣೆಗಳು ಅದಲುಬದಲಾಗುತ್ತವೆ. ವರ್ಟಿಕಲ್ ಸ್ಪೀಡ್ ಮೋಡ್‌ನಲ್ಲಿ ನಿಮಿಷಕ್ಕೆ ಇಷ್ಟು ಅಡಿ ಎಂದೂ, ಫ್ಲೈಟ್ ಪಾತ್ ಆಂಗಲ್ ಮೋಡ್‌ನಲ್ಲಿ ಇಷ್ಟು ಡಿಗ್ರಿ ಇಳಿಜಾರು ಎಂದೂ, ಗ್ಲೈಡ್ ಸ್ಲೋಪ್ ಮೋಡ್‌ನಲ್ಲಿ ಸಾಮಾನ್ಯವಾಗಿ 3 ಡಿಗ್ರಿಯ ರೇಡಿಯೋ ಕಿರಣವೆಂದೂ ದಾರಿಯು ಮೊದಲೇ ನಿಗದಿಯಾಗಿರುತ್ತದೆ. ಆ ದಾರಿಯನ್ನು ಕಾಯುವುದು ಮೂಗಿನ ಕೆಲಸ. ವೇಗವನ್ನು ಕಾಯುವುದು ಆಟೋಥ್ರಸ್ಟ್ ಎಂಬ ಇನ್ನೊಂದು ವ್ಯವಸ್ಥೆಯ ಕೆಲಸ. ಅದು ಆಗ ಸ್ಪೀಡ್ ಮೋಡ್‌ನಲ್ಲಿದ್ದು, ಬೇಕಾದಂತೆ ಎಂಜಿನ್ ಬಲವನ್ನು ಹೆಚ್ಚು ಕಡಿಮೆ ಮಾಡುತ್ತದೆ. ಈ ಬಗೆಗೂ ಒಂದು ಮಿತಿಯುಂಟು. ಬಹಳ ಎತ್ತರದಲ್ಲಿ ಎಂಜಿನ್‌ಗಳ ಸಾಮರ್ಥ್ಯಕ್ಕೆ ಮೀರಿದ ಏರುವ ದರವನ್ನು ಸೂಚಿಸಿದಲ್ಲಿ ವಿಮಾನವು ಆ ದರವನ್ನು ಕಾಯುವ ಭರದಲ್ಲಿ ವೇಗವನ್ನು ಕಳೆದುಕೊಳ್ಳುತ್ತಾ ಹೋಗುತ್ತದೆ. ಎ320ರಂತಹ ವಿಮಾನಗಳಲ್ಲಿ ಇದಕ್ಕೆ ತಡೆಗಳಿವೆ. ಹಳೆಯ ವಿಮಾನಗಳಲ್ಲಿ ಇರಲಿಲ್ಲ.

ನಿಗದಿತ ಎತ್ತರವನ್ನು ಸಮೀಪಿಸುತ್ತಿದ್ದಂತೆ ವಿಮಾನವು ತಾನಾಗಿಯೇ ಎತ್ತರ ಹಿಡಿಯುವ ಮೋಡ್‌ಗೂ, ತರುವಾಯ ಎತ್ತರ ಕಾಯುವ ಮೋಡ್‌ಗೂ ಬದಲಾಗುತ್ತದೆ. 29,000 ಅಡಿಯಿಂದ 41,000 ಅಡಿಯವರೆಗಿನ ವಾಯುಪ್ರದೇಶದಲ್ಲಿ ವಿಮಾನಗಳ ನಡುವಿನ ಲಂಬ ಅಂತರವನ್ನು 2,000 ಅಡಿಯಿಂದ 1,000 ಅಡಿಗೆ ಇಳಿಸಲು ಸಾಧ್ಯವಾದದ್ದು ಈ ಮೋಡ್‌ಗಳ ನಿಖರತೆಯಿಂದಲೂ ಹೌದು. ಭಾರತದಲ್ಲಿ ಈ ಪದ್ಧತಿಯು 2003ರಲ್ಲಿ ಜಾರಿಗೆ ಬಂದಿತು. ಸ್ವಯಂಚಾಲಿತ ಎತ್ತರ ನಿಯಂತ್ರಣವಿಲ್ಲದ ವಿಮಾನಗಳಿಗೆ ಅಲ್ಲಿ ಸಾಮಾನ್ಯ ಅನುಮತಿ ಇರುವುದಿಲ್ಲ.

ನಿಯಂತ್ರಣ ಫಲಕ ಮತ್ತು ಸೂಚನಾ ಪಟ್ಟಿ

ಎ320 ವಿಮಾನದಲ್ಲಿ ಗಾಜಿನ ಕೆಳಗೆ, ಇಬ್ಬರು ಪೈಲಟ್‌ಗಳ ನಡುವೆ ಆದೇಶ ನೀಡುವ ಫಲಕವಿರುತ್ತದೆ. ವೇಗ, ದಿಕ್ಕು, ಎತ್ತರ ಮತ್ತು ಏರಿಳಿತದ ದರಕ್ಕೆ ಒಂದೊಂದು ತಿರುಗಿಸುವ ಗುಂಡಿ. ಗುಂಡಿಯನ್ನು ಹೊರಕ್ಕೆ ಎಳೆದರೆ ಆ ವಿಷಯವನ್ನು ಪೈಲಟ್ ತಾನೇ ನಿರ್ಧರಿಸುತ್ತಾನೆ ಎಂದು ಅರ್ಥ. ಒಳಕ್ಕೆ ಒತ್ತಿದರೆ ಮೊದಲ ಮೂರು ವಿಷಯಗಳಲ್ಲಿ ಕಂಪ್ಯೂಟರ್‌ಗೆ ಒಪ್ಪಿಸಿದಂತೆ; ಏರಿಳಿತದ ದರದ ಗುಂಡಿಯನ್ನು ಒತ್ತಿದರೆ ಮಾತ್ರ ವಿಮಾನವು ಮಟ್ಟಸವಾಗುತ್ತದೆ. ಎತ್ತರದ ಗುಂಡಿಯನ್ನು ಎಳೆದರೆ ಓಪನ್ ಕ್ಲೈಂಬ್ ಅಥವಾ ಓಪನ್ ಡಿಸೆಂಟ್. ಅದರ ಪಕ್ಕದ ದರದ ಗುಂಡಿಯನ್ನು ಎಳೆದರೆ ವರ್ಟಿಕಲ್ ಸ್ಪೀಡ್. ಎರಡು ಗುಂಡಿಗಳು ಅಕ್ಕಪಕ್ಕದಲ್ಲಿವೆ. ಅವುಗಳ ಪರಿಣಾಮಗಳ ನಡುವೆ ಮಾತ್ರ ಬಹಳ ಅಂತರವಿದೆ.

ಯಾವ ಗುಂಡಿಯನ್ನು ಮುಟ್ಟಲಾಯಿತು ಎಂಬುದು ಮುಖ್ಯವಲ್ಲ, ಯಾವ ಮೋಡ್ ಬಂದಿದೆ ಎಂಬುದು ಮುಖ್ಯ. ಅದನ್ನು ತಿಳಿಸುವುದು ಮುಖ್ಯ ಪರದೆಯ ಮೇಲ್ತುದಿಯಲ್ಲಿರುವ ಕಿರಿದಾದ ಸೂಚನಾ ಪಟ್ಟಿ. ಇದನ್ನು ಪೈಲಟ್‌ಗಳು ಎಫ್‌ಎಂಎ ಎಂದು ಕರೆಯುತ್ತಾರೆ. ಎ320ರಲ್ಲಿ ಇದರಲ್ಲಿ ಐದು ಅಂಕಣಗಳಿದ್ದು, ಆಟೋಥ್ರಸ್ಟ್‌ನ ಮೋಡ್, ಲಂಬ ಮೋಡ್, ಪಾರ್ಶ್ವ ಮೋಡ್, ಇಳಿಯುವಿಕೆಯ ಸಾಮರ್ಥ್ಯ ಹಾಗೂ ಆಟೋಪೈಲಟ್, ಫ್ಲೈಟ್ ಡೈರೆಕ್ಟರ್ ಮತ್ತು ಆಟೋಥ್ರಸ್ಟ್‌ಗಳ ಚಾಲನಾ ಸ್ಥಿತಿಯನ್ನು ಎಡದಿಂದ ಬಲಕ್ಕೆ ತೋರಿಸುತ್ತವೆ. ಹೊಸ ಮೋಡ್ ಬಂದಾಗ 10 ಸೆಕೆಂಡುಗಳ ಕಾಲ ಅದರ ಸುತ್ತ ಬಿಳಿಯ ಚೌಕಟ್ಟು ಕಾಣಿಸುತ್ತದೆ. ಪ್ರತಿ ಬದಲಾವಣೆಯನ್ನು ಪೈಲಟ್ ಗಟ್ಟಿಯಾಗಿ ಓದಿ ಹೇಳಬೇಕು, ಇನ್ನೊಬ್ಬರು ನೋಡಿ ದೃಢಪಡಿಸಬೇಕು ಎಂಬುದು ಹಲವು ವಿಮಾನ ಸಂಸ್ಥೆಗಳಲ್ಲಿ ಪಾಲನೆಯಲ್ಲಿರುವ ಕ್ರಮ.

ಕೆಲವೊಮ್ಮೆ ಪೈಲಟ್ ಯಾವ ಹೊಸ ಮೋಡನ್ನೂ ಕೇಳದಿದ್ದರೂ ಮೋಡ್ ಬದಲಾಗುತ್ತದೆ. ಉದಾಹರಣೆಗೆ, ಎ320ರಲ್ಲಿ ವಿಮಾನವು ನಿಗದಿತ ಎತ್ತರವನ್ನು ಹಿಡಿಯುತ್ತಿರುವ ಕೆಲವು ಸೆಕೆಂಡುಗಳ ಅವಧಿಯಲ್ಲಿಯೇ ಪೈಲಟ್ ಬೇರೆ ಎತ್ತರವನ್ನು ಸೂಚಿಸಿದಲ್ಲಿ, ವಿಮಾನವು ಆ ಕ್ಷಣದ ಏರಿಳಿತದ ದರವನ್ನೇ ಹಿಡಿದು ವರ್ಟಿಕಲ್ ಸ್ಪೀಡ್ ಮೋಡ್‌ಗೆ ಹೊರಳುತ್ತದೆ. ಆಗ ಸೂಚನಾ ಪಟ್ಟಿಯನ್ನು ಓದದಿದ್ದವನಿಗೆ ಅದು ತಿಳಿಯುವುದಿಲ್ಲ.

ಬೆಂಗಳೂರು, 14 ಫೆಬ್ರವರಿ 1990

ಮೇಲಿನ ವಿವರಗಳು ಕೇವಲ ಪಠ್ಯದ ವಿಷಯಗಳಲ್ಲ ಎಂಬುದಕ್ಕೆ ಕರ್ನಾಟಕದಲ್ಲಿಯೇ ಒಂದು ದುಃಖಕರ ನಿದರ್ಶನವಿದೆ. ಬೊಂಬಾಯಿಯಿಂದ ಹೊರಟ ಇಂಡಿಯನ್ ಏರ್‌ಲೈನ್ಸ್ ಸಂಸ್ಥೆಯ 605ನೇ ಸಂಖ್ಯೆಯ ಎ320 ವಿಮಾನವು ಅಂದು ಮಧ್ಯಾಹ್ನ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಇಳಿಯಲು ಬರುತ್ತಿತ್ತು. ಹವಾಮಾನ ಸ್ವಚ್ಛವಾಗಿತ್ತು, ರನ್‌ವೇ ಕಣ್ಣಿಗೆ ಕಾಣುತ್ತಿತ್ತು, ವಿಮಾನವು ಹೊಚ್ಚ ಹೊಸದಾಗಿತ್ತು. ರನ್‌ವೇಗೆ ಮುನ್ನವೇ ಅದು ಗಾಲ್ಫ್ ಮೈದಾನದ ಮೇಲೆ ಇಳಿದು, ಮುಂದೆ ಒಡ್ಡಿಗೆ ಬಡಿದು ಉರಿದುಹೋಯಿತು. ವಿಮಾನದಲ್ಲಿದ್ದ 146 ಮಂದಿಯಲ್ಲಿ 92 ಮಂದಿ ಮರಣ ಹೊಂದಿದರು.

ಕರ್ನಾಟಕ ಉಚ್ಚ ನ್ಯಾಯಾಲಯದ ನ್ಯಾಯಮೂರ್ತಿ ಕೆ. ಶಿವಶಂಕರ ಭಟ್ ಅವರ ನೇತೃತ್ವದಲ್ಲಿ ವಿಚಾರಣೆ ನಡೆಯಿತು. ಅಂತಿಮ ಹಂತದಲ್ಲಿ ವಿಮಾನವು ಓಪನ್ ಡಿಸೆಂಟ್ ಮೋಡ್‌ನಲ್ಲಿತ್ತು, ಎಂಜಿನ್‌ಗಳು ಐಡಲ್‌ನಲ್ಲಿದ್ದವು. ಆ ಮೋಡ್ ಹೇಗೆ ಬಂದಿತೆಂಬುದನ್ನು ನಿಶ್ಚಿತವಾಗಿ ಹೇಳಲಾಗಲಿಲ್ಲ. ಸಂಭವನೀಯವೆಂದು ಪರಿಗಣಿಸಲಾದ ಕಾರಣವು ಹೀಗಿದೆ: ನಿಮಿಷಕ್ಕೆ 700 ಅಡಿ ಇಳಿಯುವ ದರವನ್ನು ಸೂಚಿಸಬೇಕಾದ ಸಂದರ್ಭದಲ್ಲಿ ದರದ ಗುಂಡಿಯ ಬದಲು ಎತ್ತರದ ಗುಂಡಿಯನ್ನು ತಿರುಗಿಸಿ 700 ಅಡಿ ಎತ್ತರವನ್ನು ಸೂಚಿಸಿರಬಹುದು. ಎಚ್‌ಎಎಲ್ ವಿಮಾನ ನಿಲ್ದಾಣವು ಸಮುದ್ರ ಮಟ್ಟದಿಂದ ಸುಮಾರು 2,900 ಅಡಿ ಎತ್ತರದಲ್ಲಿದೆ. ಅಂದರೆ ನೆಲಕ್ಕಿಂತ 2,000 ಅಡಿಗೂ ಹೆಚ್ಚು ಕೆಳಗಿನ ಗುರಿಯನ್ನು ವಿಮಾನಕ್ಕೆ ನೀಡಿದಂತಾಗುತ್ತದೆ. ಅಂತಹ ಗುರಿಗೆ ಎತ್ತರ ಹಿಡಿಯುವ ಮೋಡ್ ಎಂದಿಗೂ ಬರುವಂತಿಲ್ಲ.

ಓಪನ್ ಡಿಸೆಂಟ್‌ನಲ್ಲಿ ವೇಗವನ್ನು ಕಾಯುವುದು ಮೂಗು ಎಂಬುದನ್ನು ಮೇಲೆ ವಿವರಿಸಲಾಗಿದೆ. ಆದರೆ ಅಂದು ವಿಮಾನವನ್ನು ಕೈಯಿಂದ ಹಾರಿಸಲಾಗುತ್ತಿತ್ತು. ಇಳಿಜಾರಿನಲ್ಲಿ ಉಳಿಯಲು ಪೈಲಟ್ ಮೂಗನ್ನು ಎತ್ತುತ್ತಾ ಹೋದಂತೆ ವೇಗವನ್ನು ಕಾಯುವವರು ಯಾರೂ ಉಳಿಯಲಿಲ್ಲ: ಮೂಗು ದಾರಿಯನ್ನು ಹಿಡಿದಿತ್ತು, ಎಂಜಿನ್‌ಗಳು ಐಡಲ್‌ನಲ್ಲಿ ನಿಂತಿದ್ದವು. ವೇಗವು ಗುರಿಗಿಂತ ಸುಮಾರು 25 ನಾಟ್‌ನಷ್ಟು ಕುಸಿಯಿತು. ಎರಡೂ ಫ್ಲೈಟ್ ಡೈರೆಕ್ಟರ್‌ಗಳನ್ನು ಆರಿಸಿದ್ದಲ್ಲಿ ಆಟೋಥ್ರಸ್ಟ್ ಸ್ಪೀಡ್ ಮೋಡ್‌ಗೆ ಮರಳಿ ಎಂಜಿನ್ ಬಲವನ್ನು ತಾನೇ ಹೆಚ್ಚಿಸುತ್ತಿತ್ತು. ಒಂದನ್ನು ಆರಿಸಲಾಗಿತ್ತು. ಇನ್ನೊಂದು ಉರಿಯುತ್ತಲೇ ಇತ್ತು. ವಿಮಾನವು ಓಪನ್ ಡಿಸೆಂಟ್‌ನಲ್ಲಿದೆ ಎಂಬುದು ಕೊನೆಯ ಕ್ಷಣಗಳಲ್ಲಿ ಕಾಕ್‌ಪಿಟ್‌ನಲ್ಲಿದ್ದವರ ಗಮನಕ್ಕೆ ಬಂದಿತ್ತೆಂಬುದು ಧ್ವನಿಮುದ್ರಣದಿಂದ ತಿಳಿದುಬಂದಿದೆ; 400, 300, 200 ಅಡಿ ಎಂಬ ಸ್ವಯಂಚಾಲಿತ ಘೋಷಣೆಗಳ ನಂತರವೂ ಥ್ರಾಟಲ್‌ಗಳನ್ನು ಸಕಾಲದಲ್ಲಿ ಮುಂದಕ್ಕೆ ನೂಕಲಿಲ್ಲ ಎಂಬುದನ್ನು ವಿಚಾರಣೆಯು ಮುಖ್ಯ ಕಾರಣವೆಂದು ದಾಖಲಿಸಿತು. ಆಟೋಥ್ರಸ್ಟ್ ಕೆಲಸ ಮಾಡುವಾಗ ಎ320ರ ಥ್ರಾಟಲ್‌ಗಳು ಸ್ವತಃ ಚಲಿಸುವುದಿಲ್ಲ, ಆದುದರಿಂದ ಎಂಜಿನ್‌ಗಳು ಐಡಲ್‌ನಲ್ಲಿವೆ ಎಂಬ ಸುಳಿವು ಕೈಗೆ ಸಿಗುವುದಿಲ್ಲ ಎಂಬ ಆಕ್ಷೇಪವು ಆ ಕಾಲದಿಂದ ಇಂದಿನವರೆಗೂ ಚರ್ಚೆಯಲ್ಲಿದೆ.

ಅಪಘಾತದ ನಂತರ ಇಂಡಿಯನ್ ಏರ್‌ಲೈನ್ಸ್‌ನ ಎ320 ವಿಮಾನಗಳ ಹಾರಾಟವನ್ನು ಕೆಲವು ಕಾಲ ಸ್ಥಗಿತಗೊಳಿಸಲಾಗಿತ್ತು. ಇಂದಿನ ಎ320 ವಿಮಾನಗಳಲ್ಲಿ, ಓಪನ್ ಡಿಸೆಂಟ್‌ನಲ್ಲಿ ಪೈಲಟ್ ಪಟ್ಟಿಗಳನ್ನು ಅನುಸರಿಸದೆ ವೇಗವು ತೀರಾ ಕಡಿಮೆಯಾದಲ್ಲಿ ಫ್ಲೈಟ್ ಡೈರೆಕ್ಟರ್‌ಗಳು ತಾವಾಗಿ ಕಳಚಿಕೊಂಡು ಆಟೋಥ್ರಸ್ಟ್ ಸ್ಪೀಡ್ ಮೋಡ್‌ಗೆ ಮರಳುವ ಏರ್ಪಾಡಿದೆ. ಅಂತಿಮ ಹಂತದಲ್ಲಿ ಓಪನ್ ಡಿಸೆಂಟ್ ಬಳಸಬಾರದೆಂಬುದು ತರಬೇತಿಯ ಮೊದಲ ಪಾಠಗಳಲ್ಲಿ ಒಂದು.

ಇತರೆಡೆಯ ಪ್ರಕರಣಗಳು

20 ಜನವರಿ 1992ರ ರಾತ್ರಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಇಳಿಯಲು ಬರುತ್ತಿದ್ದ ಏರ್ ಇಂಟರ್ ಸಂಸ್ಥೆಯ ಎ320 ವಿಮಾನವು ಬೆಟ್ಟಕ್ಕೆ ಬಡಿದು 87 ಮಂದಿ ಮೃತಪಟ್ಟರು. ಇಲ್ಲಿಯೂ ಸಂಖ್ಯೆ ಸರಿಯಿದ್ದು ಮೋಡ್ ಬೇರೆಯಾಗಿದ್ದಿರಬಹುದೆಂದು ತನಿಖೆಯಿಂದ ಕಂಡುಬಂದಿತು. ಫಲಕದಲ್ಲಿ 33 ಎಂಬ ಅಂಕಿಗಳನ್ನು ಕೋನದ ಮೋಡ್‌ನಲ್ಲಿ ನಮೂದಿಸಿದರೆ 3.3 ಡಿಗ್ರಿ; ವರ್ಟಿಕಲ್ ಸ್ಪೀಡ್ ಮೋಡ್‌ನಲ್ಲಿ ನಮೂದಿಸಿದರೆ ನಿಮಿಷಕ್ಕೆ 3,300 ಅಡಿ. ವಿಮಾನವು ಸುಮಾರು ಆ ದರದಲ್ಲಿಯೇ ಇಳಿದಿತ್ತು. ಇದರ ನಂತರ ಏರಿಳಿತದ ದರವನ್ನು ನಾಲ್ಕು ಅಂಕಿಗಳಲ್ಲಿ ತೋರಿಸುವಂತೆ ಫಲಕವನ್ನು ಬದಲಾಯಿಸಲಾಯಿತು.

6 ಜುಲೈ 2013ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಏಷಿಯಾನಾ ಸಂಸ್ಥೆಯ ಬೋಯಿಂಗ್ 777 ವಿಮಾನವು ರನ್‌ವೇಗೆ ಮುನ್ನ ಸಮುದ್ರದ ಒಡ್ಡಿಗೆ ಬಡಿದು ಮೂವರು ಮೃತಪಟ್ಟರು. ಇಳಿಯುವ ಹಾದಿಯಲ್ಲಿ ಪೈಲಟ್ ಫ್ಲೈಟ್ ಲೆವೆಲ್ ಚೇಂಜ್ ಮೋಡನ್ನು ಆಯ್ದುಕೊಂಡಾಗ, ಫಲಕದಲ್ಲಿದ್ದ ಎತ್ತರವು ಮೇಲಿನದಾಗಿದ್ದುದರಿಂದ ವಿಮಾನವು ಏರಲು ತೊಡಗಿತು. ಪೈಲಟ್ ಆಟೋಪೈಲಟ್ ಕಳಚಿ ಥ್ರಾಟಲ್‌ಗಳನ್ನು ಕೈಯಿಂದ ಐಡಲ್‌ಗೆ ಎಳೆದಾಗ ಆಟೋಥ್ರಾಟಲ್ ಹೋಲ್ಡ್ ಎಂಬ ಮೋಡ್‌ಗೆ ಹೋಯಿತು. ಆ ಮೋಡ್‌ನಲ್ಲಿ ಅದು ವೇಗವನ್ನು ಕಾಯುವುದಿಲ್ಲ. ಒಂದು ಬದಿಯ ಫ್ಲೈಟ್ ಡೈರೆಕ್ಟರ್ ಆರಿತ್ತು, ಇನ್ನೊಂದು ಉರಿಯುತ್ತಿತ್ತು. ಎರಡನ್ನೂ ಆರಿಸಿದ್ದಲ್ಲಿ ಆಟೋಥ್ರಾಟಲ್ ಸ್ಪೀಡ್ ಮೋಡ್‌ಗೆ ಬರುತ್ತಿತ್ತು. ಬೆಂಗಳೂರಿನ ಪ್ರಕರಣವನ್ನು ಓದಿದವರಿಗೆ, 23 ವರ್ಷಗಳ ನಂತರ ಬೇರೊಂದು ದೇಶದಲ್ಲಿ, ಬೇರೊಂದು ತಯಾರಕರ ವಿಮಾನದಲ್ಲಿ ನಡೆದ ಈ ಘಟನೆಯ ಹೋಲಿಕೆ ಎದ್ದು ಕಾಣುತ್ತದೆ.

ಆಟೋಪೈಲಟ್‌ನೊಂದಿಗೆ ಹೋರಾಟ

ಆಟೋಪೈಲಟ್ ಬೇಡವೆನಿಸಿದಾಗ ಅದನ್ನು ಕಳಚಬೇಕು. ನಿಯಂತ್ರಣ ಕಡ್ಡಿಯ ಮೇಲೆಯೇ ಇರುವ ಗುಂಡಿಯನ್ನು ಒತ್ತಿದರೆ ಎಚ್ಚರಿಕೆಯ ಧ್ವನಿಯೊಂದಿಗೆ ಅದು ಕಳಚಿಕೊಳ್ಳುತ್ತದೆ. ಕಳಚದೆ ಅದರ ವಿರುದ್ಧ ಬಲ ಪ್ರಯೋಗಿಸುವುದು ಅಪಾಯಕಾರಿ. 26 ಏಪ್ರಿಲ್ 1994ರಂದು ಜಪಾನಿನ ನಗೋಯಾದಲ್ಲಿ ಇಳಿಯುತ್ತಿದ್ದ ಚೈನಾ ಏರ್‌ಲೈನ್ಸ್ ಸಂಸ್ಥೆಯ ಎ300 ವಿಮಾನದಲ್ಲಿ, ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ಗೋ-ಅರೌಂಡ್ ಮೋಡ್ ಅಚಾತುರ್ಯದಿಂದ ಚಾಲ್ತಿಗೆ ಬಂದಿತು. ಪೈಲಟ್‌ಗಳು ಇಳಿಯಲೆಂದು ಕಡ್ಡಿಯನ್ನು ಮುಂದಕ್ಕೆ ನೂಕಿದರು. ಆಟೋಪೈಲಟ್ ಏರಲೆಂದು ಬಾಲದ ಅಡ್ಡರೆಕ್ಕೆಯನ್ನು ಎದುರು ದಿಕ್ಕಿಗೆ ತಿರುಗಿಸುತ್ತಾ ಹೋಯಿತು. ಕಡ್ಡಿಯನ್ನು ನೂಕಿದ ಮಾತ್ರಕ್ಕೆ ಆ ಮೋಡ್‌ನಲ್ಲಿ ಆಟೋಪೈಲಟ್ ಕಳಚಿಕೊಳ್ಳುತ್ತಿರಲಿಲ್ಲ. ಕೊನೆಗೆ ಮೂಗು ವಿಪರೀತ ಮೇಲೆದ್ದು ವಿಮಾನವು ಕುಸಿಯಿತು. 271 ಮಂದಿಯಲ್ಲಿ 264 ಮಂದಿ ಮೃತಪಟ್ಟರು.

ಸ್ವಯಂಚಾಲಿತ ಇಳಿಕೆ

ಪ್ರಯಾಣಿಕ ವಿಮಾನಗಳಲ್ಲಿ ನೆಲ ಬಿಡುವ ಕೆಲಸವನ್ನು ಪೈಲಟ್‌ಗಳೇ ಮಾಡುತ್ತಾರೆ. ಎ320ರಲ್ಲಿ ಕನಿಷ್ಠ 100 ಅಡಿ ಏರಿದ ನಂತರವೇ ಆಟೋಪೈಲಟ್ ಹಚ್ಚಲು ಅವಕಾಶ. ಆದರೆ ಇಳಿಯುವುದನ್ನು ಆಟೋಪೈಲಟ್‌ಗೆ ವಹಿಸಬಹುದು. ಪ್ರಯಾಣಿಕರನ್ನು ಹೊತ್ತ ವಿಮಾನವೊಂದರ ಸ್ವಯಂಚಾಲಿತ ನೆಲಸ್ಪರ್ಶವು ಮೊದಲ ಬಾರಿಗೆ 1965ರ ಜೂನ್‌ನಲ್ಲಿ ಬ್ರಿಟನ್ನಿನ ಟ್ರೈಡೆಂಟ್ ವಿಮಾನದಲ್ಲಿ ನಡೆಯಿತು.

ದಟ್ಟ ಮಂಜಿನಲ್ಲಿ ಎ320 ಇಳಿಯುವಾಗ ಎರಡು ಆಟೋಪೈಲಟ್‌ಗಳನ್ನೂ ಹಚ್ಚಿರಲಾಗುತ್ತದೆ. ಒಂದು ಕೆಟ್ಟರೆ ಇನ್ನೊಂದು ಕೆಲಸವನ್ನು ಮುಂದುವರಿಸುತ್ತದೆ. ನೆಲದಿಂದ 400 ಅಡಿಯಲ್ಲಿ ಲ್ಯಾಂಡ್ ಮೋಡ್, ಸುಮಾರು 40 ಅಡಿಯಲ್ಲಿ ಮೂಗನ್ನು ಮೆಲ್ಲನೆ ಎತ್ತುವ ಫ್ಲೇರ್ ಮೋಡ್, ಚಕ್ರಗಳು ನೆಲ ಮುಟ್ಟಿದ ಮೇಲೆ ನಡುಗೆರೆಯನ್ನು ಕಾಯುವ ರೋಲ್ ಔಟ್ ಮೋಡ್ ಸಾಲಾಗಿ ಬರುತ್ತವೆ. ಸೂಚನಾ ಪಟ್ಟಿಯಲ್ಲಿ ಈ ಹೆಸರುಗಳು ಕ್ರಮವಾಗಿ ಕಾಣದಿದ್ದಲ್ಲಿ ಇಳಿಯುವುದನ್ನು ಕೈಬಿಟ್ಟು ಮೇಲೇರಬೇಕಾಗಬಹುದು. ಇದಕ್ಕೆ ವಿಮಾನ, ಪೈಲಟ್ ಮತ್ತು ರನ್‌ವೇ ಮೂರಕ್ಕೂ ಅನುಮೋದನೆ ಇರಬೇಕು. ಬೆಂಗಳೂರಿನ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ 2019ರ ಡಿಸೆಂಬರ್‌ನಲ್ಲಿ ಬಳಕೆಗೆ ಬಂದ ದಕ್ಷಿಣ ರನ್‌ವೇಗೆ ತರುವಾಯ ಈ ಬಗೆಯ ಕಡಿಮೆ ಗೋಚರತೆಯ ಸೌಲಭ್ಯವನ್ನು ಒದಗಿಸಲಾಯಿತು. ಚಳಿಗಾಲದ ಮುಂಜಾವಿನ ಮಂಜಿನಿಂದ ದೇವನಹಳ್ಳಿಯಲ್ಲಿ ವಿಮಾನಗಳು ತಡವಾಗುವುದನ್ನು ಬಲ್ಲವರಿಗೆ ಇದರ ಉಪಯೋಗವನ್ನು ವಿವರಿಸಬೇಕಾಗಿಲ್ಲ.

ಅರ್ಜಿದಾರರ ಗಮನಕ್ಕೆ

ಭಾರತದಲ್ಲಿ ಪೈಲಟ್ ಪರವಾನಗಿಗಳನ್ನು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ನೀಡುತ್ತದೆ. ವಾಣಿಜ್ಯ ಪೈಲಟ್ ಪರವಾನಗಿಗೆ ಅಭ್ಯರ್ಥಿಯು 18 ವರ್ಷ ಪೂರೈಸಿರಬೇಕು ಹಾಗೂ 200 ಗಂಟೆಗಳ ಹಾರಾಟವನ್ನು ಮಾಡಿರಬೇಕು. ಈ ಹಂತದ ತರಬೇತಿ ವಿಮಾನಗಳಲ್ಲಿ ಆಟೋಪೈಲಟ್ ಇದ್ದರೂ ಆಟೋಥ್ರಸ್ಟ್ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿ ಏರುವ ಮೋಡನ್ನು ಆಯ್ದ ನಂತರ ಎಂಜಿನ್ ಬಲವನ್ನು ಪೈಲಟ್ ತಾನೇ ಹೆಚ್ಚಿಸಬೇಕು. ಯಾವ ಮೋಡ್‌ನಲ್ಲಿ ವೇಗವನ್ನು ಯಾರು ಕಾಯುತ್ತಿದ್ದಾರೆ ಎಂಬ ಪ್ರಶ್ನೆಯನ್ನು ಅಭ್ಯಾಸ ಮಾಡಿಕೊಳ್ಳಲು ಇದು ಒಳ್ಳೆಯ ಅವಕಾಶವೆಂದು ತಿಳಿಯಬಹುದು.

ಎ320, ಬೋಯಿಂಗ್ 737 ಮುಂತಾದ ಪ್ರತಿಯೊಂದು ಮಾದರಿಗೂ ಸಿಮ್ಯುಲೇಟರ್ ಒಳಗೊಂಡ ಪ್ರತ್ಯೇಕ ತರಬೇತಿ ಮತ್ತು ಅನುಮೋದನೆ ಅವಶ್ಯಕ. ಮೋಡ್‌ಗಳ ಹೆಸರು, ಬಣ್ಣ ಮತ್ತು ಬದಲಾಗುವ ಕ್ರಮ ಮಾದರಿಯಿಂದ ಮಾದರಿಗೆ ಭಿನ್ನವಾಗಿರುವುದರಿಂದ, ಒಂದು ವಿಮಾನದಲ್ಲಿ ಕಲಿತದ್ದು ಇನ್ನೊಂದಕ್ಕೆ ಅನ್ವಯಿಸುತ್ತದೆ ಎಂದು ಭಾವಿಸತಕ್ಕದ್ದಲ್ಲ. ಈ ಪುಟದ ವಿವರಗಳು ಸಾಮಾನ್ಯ ತಿಳುವಳಿಕೆಗಾಗಿ ಮಾತ್ರ ಇದ್ದು, ಹಾರಾಟಕ್ಕೆ ಸಂಬಂಧಪಟ್ಟ ವಿಮಾನದ ಅಧಿಕೃತ ಕೈಪಿಡಿಯನ್ನೇ ಆಧಾರವಾಗಿ ಇಟ್ಟುಕೊಳ್ಳತಕ್ಕದ್ದು.